ಕೆಂಪು ದಾರದ ಡಬ್ಬಿ

ಮೇಲ್ಬೀದಿ ಅಂಗಡಿಯ ಮಹಡಿಯಿಂದ,
ಗುರುವಾರ, ಮಧ್ಯಾಹ್ನ

ಕೆಳಬೀದಿಯ ತಂಬಾಕು ಪಂಡಿತರೂ ಸದ್ಯಕ್ಕೆ ನನ್ನ ಯಜಮಾನರೂ ಆದವರಿಗೆ,

ನಾನು ಕ್ಷೇಮ. ನಿಮ್ಮ ತಾಯಿಯೂ ಕ್ಷೇಮ, ಮಂಡಿನೋವು ಮಾತ್ರ ಇದ್ದ ಹಾಗೇ ಇದೆ. ನಿಮ್ಮ ಕ್ಷೇಮ ವಿಚಾರಿಸುವುದು ಪತ್ರದ ಮರ್ಯಾದೆ. ಆದರೆ ತಂಬಾಕಿನ ಡಬ್ಬಿಗೆ ರೇಷ್ಮೆ ದಾರ ಕಟ್ಟಿ ಕಳಿಸುವಷ್ಟು ಪುರುಸೊತ್ತು ಇರುವವರು ಕ್ಷೇಮವಾಗಿಲ್ಲದೆ ಇನ್ನೇನು? ‘ಯಜಮಾನರು’ ಅಂತ ಬರೆದದ್ದಕ್ಕೆ ಹಿಗ್ಗಬೇಡಿ. ನೀವು ಸಹಿ ಹಾಕುವವರೆಗೆ ಕಾನೂನಿನ ಕಣ್ಣಿಗೆ ನೀವು ಅದೇ ಅಂತ ವಕೀಲರು ಹೇಳಿದ್ದಾರೆ. ‘ನೀವು’ ಅನ್ನುವುದು ಮಾತ್ರ ನನ್ನದೇ ತೀರ್ಮಾನ. ಬೀದಿಯವರನ್ನು ನಾನು ಏಕವಚನದಲ್ಲಿ ಮಾತನಾಡಿಸುವುದಿಲ್ಲ.

ಬೇರೆಯಾಗುವ ಕಾಗದಕ್ಕೆ ಸಹಿ ಹಾಕಿ ಕಳಿಸಿ ಅಂತ ಕೇಳಿದರೆ ನೀವು ಕಳಿಸಿದ್ದು ಎರಡು ಡಬ್ಬಿ ತಂಬಾಕು, ಅರಗು ಹಾಕಿ ಮುಚ್ಚಿದ ಒಂದು ಲಕೋಟೆ, ಜೊತೆಗೊಂದು ಪಂಥ. ಒಂದು ಡಬ್ಬಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ಒಂದರಲ್ಲಿರುವುದು ಅಪ್ಪನ ಕಾಲದಿಂದ ನಾವು ಮೇಲ್ಬೀದಿಯಲ್ಲಿ ಮಾರುವ ಮಿಶ್ರಣ, ಯಾರದೋ ಕೈಯಲ್ಲಿ ನಮ್ಮ ಅಂಗಡಿಯಿಂದಲೇ ತರಿಸಿದ್ದಂತೆ. ಇನ್ನೊಂದರಲ್ಲಿರುವುದು ಅದನ್ನೇ ಹೋಲುವ ಹಾಗೆ ನೀವು ಕೆಳಬೀದಿಯಲ್ಲಿ ಬೆರೆಸಿದ್ದು. ಯಾವ ದಾರ ಯಾರದು ಅಂತ ನಾನು ರುಚಿ ನೋಡಿ ಬರೆಯಬೇಕು, ಸರಿಯುತ್ತರ ಲಕೋಟೆಯೊಳಗಿದೆಯಂತೆ. ಸರಿಯಾಗಿ ಬರೆದರೆ ನೀವು ಮರುಮಾತಿಲ್ಲದೆ ಕಾಗದಕ್ಕೆ ಸಹಿ ಹಾಕಿ, ಅಪ್ಪನ ಪೈಪನ್ನೂ ವಾಪಸ್ ಕೊಡುತ್ತೀರಂತೆ. ತಪ್ಪಿದರೆ ಕಾಗದ ಹರಿದು ಹಾಕಿ ನಿಮ್ಮನ್ನು ತಂಬಾಕು ಬೆರೆಸುವ ಮೇಜಿಗೆ ಕರೆಯಬೇಕಂತೆ. ಮೇಜಿಗೆ ಅಂದರೆ ಮನೆಗೂ ಹೌದು ಅಂತ ಬರೆಯುವ ಧೈರ್ಯ ನಿಮಗೆ ಬರಲಿಲ್ಲ. ನಾನು ಅರ್ಥ ಮಾಡಿಕೊಂಡಿದ್ದೇನೆ.

ಗಂಡ ಹೆಂಡತಿ ಬೇರೆಯಾಗುವುದನ್ನು ಮೂಗಿನಲ್ಲಿ ತೀರ್ಮಾನ ಮಾಡುವ ಮನೆಯನ್ನು ನಾನು ಇದೊಂದೇ ಕಂಡದ್ದು ಅಂತ ವಕೀಲರು ತಲೆ ಚಚ್ಚಿಕೊಂಡರು. ಈ ಮನೆಯಲ್ಲಿ ಮದುವೆ ಆದದ್ದೂ ಹಾಗೇ ಅಂತ ಅವರಿಗೇನು ಗೊತ್ತು! ಎಲೆ ವ್ಯಾಪಾರಿಯ ಗುಮಾಸ್ತರಾಗಿ ಮೊದಲ ಸಲ ಬಂದಾಗ ಅಪ್ಪ ನಿಮ್ಮ ಮುಂದೆ ಮೂರು ಎಲೆ ಇಟ್ಟಿದ್ದರು. ನೀವು ಎರಡನ್ನು ಸರಿಯಾಗಿ ಹೇಳಿ, ಮೂರನೆಯದು ನನಗೆ ತಿಳಿಯದು ಸಾರ್ ಅಂದಿರಿ. ಅಪ್ಪ ಆ ದಿನವಿಡೀ ಅದನ್ನೇ ಹೇಳಿಕೊಂಡು ಓಡಾಡಿದರು. ಗೊತ್ತಿಲ್ಲ ಅನ್ನೋ ಹುಡುಗ ಸಿಗೋದು ಕಷ್ಟ ಕಣೇ ಅಂತ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದೇ ಒಂದು ವಿದ್ಯೆಯಾದರೆ ನಮ್ಮ ಊರು ತುಂಬ ವಿದ್ವಾಂಸರೇ ಅಂತ ನಾನು ಆಗಲೇ ಹೇಳಿದ್ದೆ. ಅಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ಬೇರೆ ಮಾತು.

ಅಪ್ಪನ ಕಟ್ಟಳೆ ನಿಮಗೂ ನೆನಪಿರಬೇಕು. ರುಚಿ ನೋಡಿದ ಮೇಲೆ ತೀರ್ಪನ್ನು ಮಸಿಯಲ್ಲಿ ಬರೆಯಬೇಕು, ಆಮೇಲೇ ಲಕೋಟೆ ಒಡೆಯಬೇಕು, ಬರೆದದ್ದನ್ನು ಯಾವ ಕಾರಣಕ್ಕೂ ಹೊಡೆದು ಹಾಕಬಾರದು. ಮೂಗು ಮೊದಲು ಹೇಳುವುದು ನಿಜ, ಎರಡನೇ ಸಲ ಹೇಳುವುದು ಮುಲಾಜು ಅನ್ನುತ್ತಿದ್ದರು. ಹಾಗಾಗಿ ಮಸಿಯಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಲಕೋಟೆ ಮೇಜಿನ ಮೇಲೆ ಮಸಿದೌತಿಯ ಪಕ್ಕದಲ್ಲೇ ಇದೆ.

ನಿಮ್ಮ ಅಂಗಡಿಯ ಬೆಂಚಿನ ಮೇಲೆ ದಿನಾ ಕೂರುವ ಮೂವರು ದೊಡ್ಡ ಮನುಷ್ಯರು ಎರಡನ್ನೂ ಸೇದಿ, ಒಂದೇ ತಾಯಿಯ ಮಕ್ಕಳು ಇದ್ದ ಹಾಗಿವೆ ಅಂದರು ಅಂತ ಬರೆದಿದ್ದೀರಿ. ಯಾರು ಆ ಮೂವರು? ಒಬ್ಬರು ಕಣ್ಣಿನ ಡಾಕ್ಟರು. ಅವರಿಗೆ ಮೂಗು ಇರುವುದು ಕನ್ನಡಕ ಕೂರಿಸಲಿಕ್ಕೆ. ಇನ್ನೊಬ್ಬರು ನಿವೃತ್ತ ರೈಲ್ವೆ ಗಾರ್ಡು, ಜೀವಮಾನವಿಡೀ ಕಲ್ಲಿದ್ದಲ ಹೊಗೆ ಕುಡಿದವರು. ಹಳೇ ಚಾಪೆ ಸುಟ್ಟರೂ ಅವರಿಗೆ ಪರಿಮಳವೇ. ಮೂರನೆಯವರು ವಿಮೆ ಏಜೆಂಟರು: ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟಿ, ಕರುವಿನ ಹೆಸರಲ್ಲಿ ಒಂದು ಪಾಲಿಸಿಯನ್ನೂ ಮಾಡಿಸಿ ಅನ್ನುವವರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ಬರೆಯಲು ಹೋದೆ. ಆದರೆ ಕತ್ತೆ ಗೊತ್ತಿಲ್ಲದೆ ಹೋದರೆ ಸುಮ್ಮನಾದರೂ ಇರುತ್ತದೆ, ಕೂತು ಹೊಗಳುವುದಿಲ್ಲ. ಅದಕ್ಕೆ ಅವಮಾನ ಮಾಡುವುದು ಬೇಡ ಅಂತ ಬಿಟ್ಟೆ.

ನಮ್ಮ ಪಿಟೀಲು ಮೇಷ್ಟರನ್ನು ನೀವು ಕೇಳಿಲ್ಲ ಅನ್ನುವುದನ್ನು ಗಮನಿಸಿದೆ. ಕೇಳಬೇಕಾದ ಮೂಗು ಈ ಊರಿನಲ್ಲಿ ಅದೊಂದೇ. ಅಪ್ಪನ ಮಿಶ್ರಣ ಬಿಟ್ಟು ಬೇರೆ ಮುಟ್ಟದ ಮನುಷ್ಯ ಅವರು. ಇತ್ತೀಚೆಗೆ ನಮ್ಮ ಕಡೆ ಅವರ ಸವಾರಿ ಸ್ವಲ್ಪ ಕಡಿಮೆಯಾಗಿದೆ. ಕೊನೆಯ ಸಲ ಬಂದಾಗ, ಯಾಕೋ ಪೈಪು ಪದೇ ಪದೇ ಆರೋಗುತ್ತೆ ಕಣಮ್ಮ, ನಾಲಿಗೆ ಬೇರೆ ಕಚ್ಚುತ್ತೆ ಅಂತ ಗೊಣಗಿದರು. ವಯಸ್ಸು. ಕೂದಲಿಗೆ ಬರುವ ಮುಪ್ಪು ನಾಲಿಗೆಗೂ ಬರುತ್ತದೆ ಅಂತ ಅವರಿಗೆ ಯಾರು ಹೇಳಬೇಕು. ಬೇಕಾದಷ್ಟು ಗಿರಾಕಿಗಳಿದ್ದಾರೆ, ನಿಮಗೆ ಆ ಚಿಂತೆ ಬೇಡ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಇವತ್ತು ಅಂಗಡಿ ರಜೆ. ಬೆಳಿಗ್ಗೆ ಮಹಡಿಯ ಕೋಣೆಯ ಕಿಟಕಿ ಮುಚ್ಚಿ, ಬೀದಿಯ ಬೇಕರಿಯ ವಾಸನೆ ಬರದ ಹಾಗೆ ಬಾಗಿಲ ಸಂದಿಗೆ ಟವೆಲ್ ತುರುಕಿ ಕೂತೆ. ಎರಡು ಹೊಸ ಮಣ್ಣಿನ ಪೈಪು ತೆಗೆದೆ, ಒಂದೊಂದು ಡಬ್ಬಿಗೆ ಒಂದೊಂದು. ಮರದ ಪೈಪು ಹಳೆಯದನ್ನೆಲ್ಲ ನೆನಪಿಟ್ಟುಕೊಂಡು ಹೊಸತನ್ನು ಅದರ ಜೊತೆ ಬೆರೆಸಿ ಹೇಳುತ್ತದೆ. ಮಣ್ಣಿನದಕ್ಕೆ ಆ ಚಾಳಿ ಇಲ್ಲ. ಪಕ್ಕದಲ್ಲಿ ಸಪ್ಪೆ ಬ್ರೆಡ್ಡು, ಒಂದು ಲೋಟ ನೀರು. ಅತ್ತೆ ಮೂಗಿಗೆ ಸೆರಗು ಸುತ್ತಿ ಮೂಲೆಯ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತ ಕೂತರು. ಹೊರಗೆ ಹೋಗಿ ಅಂದರೆ ಹೋಗಲಿಲ್ಲ. ನನ್ನ ಮಗನ ಹಣೆಬರಹ ಹೊಗೆಯಲ್ಲಿ ಬರೀತಾರಂತೆ, ನಾನು ನೋಡದೆ ಇರ್ಲಾ ಅಂದರು. ಯಾರ ಸ್ವೆಟರ್ ಅಂತ ಕೇಳಿದೆ. ಅಳತೆ ದೊಡ್ಡದಾಗಿತ್ತು, ಅವರು ಹೆಣಿಗೆಯ ಎಳೆ ಎಣಿಸತೊಡಗಿದರು.

ಮುಚ್ಚಳ ತೆಗೆದಾಗ ಎರಡು ಡಬ್ಬಿಗೂ ಏನೂ ವ್ಯತ್ಯಾಸವಿಲ್ಲ. ಇದನ್ನು ಒಪ್ಪಿಕೊಳ್ಳುತ್ತೇನೆ, ಸುಳ್ಳು ಹೇಳುವ ಹುಟ್ಟು ನನ್ನದಲ್ಲ. ಎರಡರಲ್ಲೂ ಅದೇ ಮೂರು ಎಲೆ, ಅದೇ ಪಾಲು. ಹಳದಿ ಎಲೆಯ ಒಣಹುಲ್ಲು ಮತ್ತು ನಿಂಬೆ ಸಿಪ್ಪೆ. ಸೌದೆಯ ಹೊಗೆಯಲ್ಲಿ ಹದ ಮಾಡಿದ ಕಪ್ಪೆಲೆಯ ಹಳೇ ಚರ್ಮದ ಚೀಲದಂಥ ವಾಸನೆ. ಅದರ ಹಿಂದೆ, ಪೀಪಾಯಿಯಲ್ಲಿ ಒತ್ತಿ ಹುಳಿಬರಿಸಿದ ಎಲೆಯ ಒಣದ್ರಾಕ್ಷಿ, ಮೆಣಸು. ಇಷ್ಟು ವರ್ಷ ಮೇಜಿನ ಪಕ್ಕ ನಿಂತು ನೋಡಿದವರಿಗೆ ಅಷ್ಟು ಪಾಲು ತಿಳಿಯುವುದರಲ್ಲಿ ದೊಡ್ಡತನವೇನಿಲ್ಲ. ಅಡುಗೆಮನೆಯ ಬೆಕ್ಕಿಗೂ ಹಾಲು ಎಲ್ಲಿದೆ ಅಂತ ಗೊತ್ತಿರುತ್ತದೆ.

ಅಪ್ಪ ಹೇಳುತ್ತಿದ್ದ ಮಾತು ನಿಮಗೆ ಗೊತ್ತು: ಹೊತ್ತಿಸಿದ ಹೊಸತರಲ್ಲಿ ಎಲ್ಲಾ ತಂಬಾಕೂ ಒಳ್ಳೇದೇ, ಮದುವೆ ಥರ, ತಳಕ್ಕೆ ಬಂದಾಗ ತಾನೇ ಬಣ್ಣ ಗೊತ್ತಾಗೋದು. ಕೆಂಪು ದಾರದ್ದನ್ನು ಮೊದಲು ಹೊತ್ತಿಸಿದೆ. ಮೊದಮೊದಲು ಮದುವೆ ಮನೆಗೆ ಬಂದ ಬೀಗರ ಹಾಗೆ ನಗುನಗುತ್ತಲೇ ಬಂತು. ನಿಂಬೆ ಸಿಪ್ಪೆ ಇತ್ತು, ಕಪ್ಪೆಲೆ ಇತ್ತು. ನಾಲ್ಕು ಸಲ ಎಳೆಯುವಷ್ಟರಲ್ಲಿ ಆರಿತು. ಹೊತ್ತಿಸಿದೆ, ಮತ್ತೆ ಆರಿತು. ಮತ್ತೆ ಹೊತ್ತಿಸಿ ಜೋರಾಗಿ ಎಳೆದರೆ ಸಿಪ್ಪೆ ಹೋಗಿ ಅದರ ಕಹಿ ಮಾತ್ರ ಉಳಿಯಿತು. ಕಪ್ಪೆಲೆಯಿಂದ ಒದ್ದೆ ಕಂಬಳಿಯನ್ನು ಒಲೆಯ ಮುಂದೆ ಹಾಕಿದಾಗ ಬರುವ ವಾಸನೆ. ಪೀಪಾಯಿ ಎಲೆಯ ಮೆಣಸು ಗಂಟಲಿನ ಹಿಂದೆ ಮೆಲ್ಲಗೆ ಬೆಚ್ಚಗಾಗಬೇಕಾದದ್ದು, ನಾಲಿಗೆಯ ತುದಿಯನ್ನೇ ಹಿಡಿದು ಕಚ್ಚಿತು. ಮೂರು ಎಲೆಯೂ ಒಟ್ಟಿಗೇ ಕಿರುಚಿ ಒಟ್ಟಿಗೇ ಸುಮ್ಮನಾಗುವುದು, ಜಗಳದ ಮನೆಯ ಹಾಗೆ. ತಳಕ್ಕೆ ಬರುವಾಗ ಪೈಪಿನೊಳಗೆ ಗೊರಗೊರ ಅಂತ ನೀರು ನಿಂತಿತ್ತು. ಬೂದಿ ಕೊಡವಿದರೆ ಅರ್ಧ ಸುಟ್ಟ ಮುದ್ದೆ ಬಿತ್ತು.

ಯಾಕೆ ಹೀಗೆ ಅಂತ ಡಬ್ಬಿಯನ್ನು ಹಳೇ ಪೇಪರಿನ ಮೇಲೆ ಸುರಿದು ಹರಡಿದೆ. ಕಾರಣ ಹುಡುಕಿದ್ದು ನಾನಲ್ಲ, ನಿಮ್ಮ ತಾಯಿ. ತಂಬಾಕಿನ ಗಂಧಗಾಳಿ ಇಲ್ಲದವರು ಹೆಣಿಗೆಯ ಸೂಜಿ ಚಾಚಿ ಒಂದು ಎಳೆಯನ್ನು ಎತ್ತಿ, ಇದೇನಮ್ಮ ಇದು ಜೋಡಿ ಜೋಡಿ ಬಂದಿದೆ, ಬಿಡಿಸಿದರೂ ಬಿಡ್ತಾ ಇಲ್ಲ ಅಂದರು. ನೋಡಿದರೆ ನಿಜ. ಪ್ರತಿ ಚಿಟಿಕೆಯಲ್ಲೂ ಒಂದೆರಡು ಕಡೆ ಎಳೆಗಳು ಅರ್ಧ ಕತ್ತರಿಸಿ ಅರ್ಧ ಅಂಟಿಕೊಂಡೇ ಉಳಿದಿವೆ. ಎಲೆ ಕತ್ತರಿಸುವ ಅಲಗು ಅಲ್ಲಿ ಹಾಯ್ದೇ ಇಲ್ಲ. ಎಳೆ ದಪ್ಪ ಇದ್ದಲ್ಲಿ ತೇವ ಉಳಿಯುತ್ತದೆ, ತೇವ ಉಳಿದಲ್ಲಿ ಬೆಂಕಿ ಸಾಯುತ್ತದೆ, ಬೆಂಕಿ ಸತ್ತಲ್ಲಿ ಸೇದುವವನು ಸಿಟ್ಟಿನಿಂದ ಎಳೆಯುತ್ತಾನೆ, ಆಗ ನಾಲಿಗೆ ಸುಡುತ್ತದೆ. ಎಲೆಯ ತಪ್ಪೂ ಅಲ್ಲ, ಪಾಲಿನ ತಪ್ಪೂ ಅಲ್ಲ.

ಇದನ್ನು ಮಾಡಿದ ಮಹಾಶಯರು ಏನೇನು ಮಾಡಿರುತ್ತಾರೆ ಅಂತ ನಾನು ಕೂತಲ್ಲೇ ಹೇಳಬಲ್ಲೆ. ಎಲೆ ವ್ಯಾಪಾರಿಯನ್ನು ಬೈದು ಬದಲಾಯಿಸಿರುತ್ತಾರೆ. ಹವೆಯನ್ನು ಬೈದಿರುತ್ತಾರೆ. ಗಾಜಿನ ಜಾಡಿ ಬಿಟ್ಟು ಪಿಂಗಾಣಿ ಜಾಡಿ ತಂದಿರುತ್ತಾರೆ. ಗಿರಾಕಿಯ ನಾಲಿಗೆಯೇ ಸರಿಯಿಲ್ಲ ಅಂದಿರುತ್ತಾರೆ. ಕಣ್ಣೆದುರಿನ ಅಲಗನ್ನು ಮಾತ್ರ ತಿರುಗಿಸಿ ನೋಡಿರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಲೆತುಂಬ ಜಂಬ ಇದ್ದವರಿಗೆ ಅಪ್ಪ ಬರೆದಿಟ್ಟ ಪಾಲೊಂದು ಗೊತ್ತಿದ್ದರೆ ಸಾಕು ಅನ್ನಿಸಿಬಿಡುತ್ತದೆ. ಇಂಥ ತಂಬಾಕನ್ನು ಅಪ್ಪನ ಹೆಸರು ಹೇಳಿ ಮಾರುವವರಿಗೆ ನಾಚಿಕೆಯಾಗಬೇಕು. ಇದಕ್ಕಿಂತ ಕಟುವಾದ ಮಾತು ನನಗೆ ಗೊತ್ತಿದ್ದರೆ ಅದನ್ನೂ ಬರೆಯುತ್ತಿದ್ದೆ.

ಈ ಜನ್ಮದಲ್ಲಿ ನೀವು ಸರಿಯಾಗಿ ಕಲಿತ ಕೆಲಸ ಅಲಗಿಗೆ ಸಾಣೆ ಹಿಡಿಯುವುದೊಂದೇ. ಅಪ್ಪ ಅದನ್ನು ನಿಮಗೆ ಮಾತ್ರ ಕಲಿಸಿದರು, ನನಗೂ ಕಲಿಸಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಎದ್ದು, ನನ್ನ ಅಡುಗೆಮನೆಯ ದೊಡ್ಡ ಬೋಗುಣಿಯಲ್ಲಿ ರಾತ್ರಿಯೇ ನೆನೆಹಾಕಿದ ಕಲ್ಲನ್ನು ತೆಗೆದು, ಎಲೆ ಕತ್ತರಿಸುವ ಯಂತ್ರದ ಉದ್ದನೆಯ ಅಲಗನ್ನು ಬಿಚ್ಚಿ, ನಾಲಿಗೆ ಕಚ್ಚಿಕೊಂಡು ಉಜ್ಜುತ್ತ ಕೂರುತ್ತಿದ್ದಿರಿ. ಕರ್, ಕರ್, ಕರ್ ಅಂತ ಒಂದೇ ಸಮನೆ. ಆ ಸದ್ದಿಗೆ ನನಗೆ ನಿದ್ದೆ ಹಾರಿಹೋಗುತ್ತಿತ್ತು. ಈಗ ಸೋಮವಾರ ಮನೆ ತಣ್ಣಗಿದೆ, ನಾನು ಆರಾಮವಾಗಿ ಹೊತ್ತೇರುವವರೆಗೆ ಮಲಗುತ್ತೇನೆ. ಬೋಗುಣಿಯೂ ಬೋಗುಣಿಯ ಕೆಲಸಕ್ಕೆ ಸಿಕ್ಕಿದೆ.

ಅಪ್ಪ ಹೋದ ಮೇಲೆ ನೀವೂ ಬೆರೆಸುತ್ತೇನೆ ಅಂದಿರಿ. ತುಂಬಿದ ಅಂಗಡಿಯಲ್ಲಿ, ಮೇಷ್ಟರ ಎದುರಿಗೇ, ಸಾಣೆ ಹಿಡಿಯೋರು ಸಾಣೆ ಹಿಡೀಲಿ ಅಂತ ನಾನು ಹೇಳಿದ್ದು ನಿಜ. ಹೇಳಿದ್ದರಲ್ಲಿ ಸುಳ್ಳೇನಿತ್ತು? ಅಷ್ಟಕ್ಕೇ ನೀವು ಕೋಟು ಹಾಕಿಕೊಂಡು, ಅಪ್ಪನ ಪೈಪನ್ನು ಜೇಬಿಗೆ ಇಳಿಸಿ ಹೊರಟೇಬಿಟ್ಟಿರಿ, ಕೆಳಬೀದಿಯಲ್ಲಿ ಬೇರೆ ಅಂಗಡಿಯನ್ನೂ ಇಟ್ಟಿರಿ. ಬೇರೆ ಗಂಡಸರು ಮನೆ ಬಿಡುವಾಗ ಬಟ್ಟೆಯ ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಅಂಗಿಗಳು ಇನ್ನೂ ನನ್ನ ಬೀರುವಿನಲ್ಲಿ ಜಾಗ ತಿನ್ನುತ್ತಿವೆ. ನಿಮ್ಮ ತಾಯಿಯನ್ನೂ ಕರೆದುಕೊಂಡು ಹೋಗಲಿಲ್ಲ. ಕೆಳಬೀದಿಯ ಮೆಟ್ಟಿಲು ಅವರ ಮಂಡಿಗೆ ಆಗುವುದಿಲ್ಲ ಅನ್ನುವುದು ನೆಪ. ಅವರೇ ಬರಲೊಪ್ಪಲಿಲ್ಲ. ಮಗ ಬುದ್ಧಿ ಕಲಿತಾನೆ ಬಿಡು, ಅಲ್ಲೀವರೆಗೆ ನಾನು ಇಲ್ಲೇ ಕಾವಲು ಕೂತಿರ್ತೀನಿ ಅಂದರು. ಏನನ್ನು ಕಾಯುತ್ತಾರೋ ನನಗೆ ತಿಳಿಯದು.

ಆ ಪೈಪಿನ ವಿಷಯದಲ್ಲಿ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ಮಗಳಿಗೆ ಅಂಗಡಿ ಕೊಟ್ಟರು, ಅಳಿಯನಿಗೆ ಪೈಪು ಕೊಟ್ಟರು. ಅಂಗಡಿಯನ್ನು ಯಾರು ಬೇಕಾದರೂ ನಡೆಸಬಹುದು. ಅಪ್ಪ ಪ್ರತಿ ಸಂಜೆ ಬಾಯಲ್ಲಿ ಹಿಡಿದ ಪೈಪು ಒಂದೇ. ಅದನ್ನು ತಂದ ಮೇಲೆ ಒಂದು ದಿನವೂ ಹೊತ್ತಿಸಿಲ್ಲ, ಬೆರೆಸುವ ಮೊದಲು ಖಾಲಿ ಪೈಪನ್ನೇ ಒಂದು ಸಲ ಎಳೆದು ಅಪ್ಪನ ರುಚಿ ನೆನಪು ಮಾಡಿಕೊಳ್ಳುತ್ತೇನೆ ಅಂತ ಬರೆದಿದ್ದೀರಿ. ಖಾಲಿ ಪೈಪು ಎಳೆಯುತ್ತ ಕೂತ ಗಂಡಸನ್ನು ಆ ಮೂವರು ಬುದ್ಧಿವಂತರು ದಿನಾ ನೋಡುತ್ತಾರಲ್ಲ, ಅವರ ತಾಳ್ಮೆಯನ್ನು ಮೆಚ್ಚಬೇಕು.

ಇನ್ನು ಬಿಳಿ ದಾರದ ಡಬ್ಬಿ. ಇದರ ಬಗ್ಗೆ ಜಾಸ್ತಿ ಬರೆಯುವುದು ನನ್ನನ್ನು ನಾನೇ ಹೊಗಳಿಕೊಂಡ ಹಾಗೆ. ಆದರೂ ನಿಮಗೆ ತಿಳಿಯಲಿ ಅಂತ ಬರೆಯುತ್ತೇನೆ.

ಒಂದೇ ಕಡ್ಡಿಗೆ ಹೊತ್ತಿಕೊಂಡಿತು, ತಳದವರೆಗೆ ಆರಲಿಲ್ಲ. ಎಳೆ ಎಳೆಯೂ ಬೇರೆ, ಕೂದಲಿನ ಹಾಗೆ ಸಣ್ಣ. ನಿಂಬೆ ಸಿಪ್ಪೆ ಬಂತು, ಅದು ಮಾತು ಮುಗಿಸಿದ ಮೇಲೆ ಕಪ್ಪೆಲೆ ಬಂತು, ಅದರ ಹಿಂದೆ ಒಣದ್ರಾಕ್ಷಿ ಬಂದು ಕೂತಿತು. ಒಂದರ ಮಾತಿಗೆ ಇನ್ನೊಂದು ಅಡ್ಡ ಬಾಯಿ ಹಾಕಲಿಲ್ಲ. ಮೆಣಸು ಎಲ್ಲಿದೆ ಅಂತ ನಾನು ಹುಡುಕುತ್ತಿರುವಾಗ ಅದು ಗಂಟಲಿನ ಹಿಂದೆ ಬೆಚ್ಚಗೆ ಕೂತಿತ್ತು, ಎಷ್ಟು ಹೊತ್ತಿನಿಂದಲೋ. ಅರ್ಧಕ್ಕೆ ಬಂದಾಗ ನಾನು ರುಚಿ ನೋಡುವುದನ್ನು ಮರೆತು ಸುಮ್ಮನೆ ಸೇದುತ್ತಿದ್ದೆ. ಅಂಗಡಿ ಮುಚ್ಚಿ ಅಪ್ಪ ಮೇಲೆ ಬಂದು, ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತಾಗ ಈ ಕೋಣೆಗೆ ಇದೇ ವಾಸನೆ ಇರುತ್ತಿತ್ತು. ಅತ್ತೆ ಮೂಗಿನಿಂದ ಸೆರಗು ತೆಗೆದು, ನಿಮ್ಮಪ್ಪ ಬಂದ ಹಾಗಾಯ್ತಲ್ಲೇ ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಕಿಟಕಿ ಮುಚ್ಚಿತ್ತಲ್ಲ, ಹೊಗೆ.

ಇದನ್ನು ಬೆರೆಸಿ ಕತ್ತರಿಸಿದ ಕೈಗೆ ನಮಸ್ಕಾರ ಮಾಡಬೇಕು ಅನ್ನಿಸಿತು. ನನ್ನದೇ ಕೈ ಆದ್ದರಿಂದ ಅದು ಕಷ್ಟ. ಇದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ, ಪಾಲು ಕದ್ದರೆ ಬರುವುದಲ್ಲ. ಸೋಮವಾರದಿಂದ ಸೋಮವಾರಕ್ಕೆ, ಯಾರೂ ಮೆಚ್ಚದಿದ್ದರೂ, ತಲೆ ಬಗ್ಗಿಸಿ ಒಂದೇ ಕೆಲಸವನ್ನು ಮಾಡಿದವರಿಗೆ ಮಾತ್ರ ಕೈಗೆ ಹತ್ತುತ್ತದೆ. ಅಪ್ಪನ ಮಿಶ್ರಣ ಅಪ್ಪನೊಂದಿಗೇ ಹೋಯಿತು ಅಂತ ಬೀದಿಯಲ್ಲಿ ಹೇಳುವವರಿದ್ದಾರೆ. ಹೋಗಿಲ್ಲ, ಬಿಳಿ ದಾರದ ಡಬ್ಬಿಯಲ್ಲಿದೆ ಅಂತ ನಾನು ಮಸಿಯಲ್ಲಿ ಬರೆದುಕೊಡುತ್ತೇನೆ.

ತೀರ್ಪು ಹೀಗಿದೆ, ಎರಡು ಸಲ ಓದಿಕೊಳ್ಳಿ: ಕೆಂಪು ದಾರದ ಡಬ್ಬಿ ನಿಮ್ಮದು. ಬಿಳಿ ದಾರದ ಡಬ್ಬಿ ನಮ್ಮ ಅಂಗಡಿಯದು. ಅನುಮಾನವಿಲ್ಲ, ಚೌಕಾಶಿಯೂ ಇಲ್ಲ.

ನನ್ನ ಮೂಗು ಎಂದಾದರೂ ತಪ್ಪಿದ್ದನ್ನು ನೀವು ನೋಡಿಲ್ಲ ಅಂತ ನಿಮಗೇ ಗೊತ್ತು. ಆದ್ದರಿಂದ ವಕೀಲರ ಕಾಗದವನ್ನು ಹುಡುಕಿ ಇಟ್ಟುಕೊಳ್ಳಿ, ಪೈಪನ್ನು ಹತ್ತಿಯಲ್ಲಿ ಸುತ್ತಿ ಇಟ್ಟುಕೊಳ್ಳಿ. ಮಾತಿಗೆ ತಪ್ಪುವವರಲ್ಲ ಅನ್ನುವುದೊಂದು ಗುಣ ನಿಮ್ಮಲ್ಲಿದೆ ಅಂತ ಅಪ್ಪ ನಂಬಿದ್ದರು. ಆ ಮೂವರಿಗೆ ನನ್ನ ನಮಸ್ಕಾರ ತಿಳಿಸಿ. ಕಣ್ಣಿನ ಡಾಕ್ಟರಿಗೆ ಒಂದು ಒಳ್ಳೆಯ ಮೂಗಿನ ಡಾಕ್ಟರ ವಿಳಾಸ ಕೊಡುತ್ತೇನೆ ಅಂತಲೂ ಹೇಳಿ.

ಇಂತಿ,
ಮೇಲ್ಬೀದಿ ಅಂಗಡಿಯ, ಬೆರೆಸುವ ಮೇಜಿನ
ಒಡತಿ

ತಾ.ಕ.: ಇಷ್ಟು ಓದುವಷ್ಟರಲ್ಲಿ ನೀನು ಬೆಂಚಿನ ಮೇಲಿದ್ದವರನ್ನೆಲ್ಲ ಎಬ್ಬಿಸಿ ಕುಣಿದಿರುತ್ತೀ. ಕೂತುಕೋ. ಜೊತೆಗಿರುವ ನಿನ್ನ ಲಕೋಟೆಯನ್ನು ತಿರುಗಿಸಿ ನೋಡು, ಅರಗು ಒಡೆದಿಲ್ಲ. ಒಡೆಯುವ ಅಗತ್ಯವೇ ಬೀಳಲಿಲ್ಲ. ಕೆಂಪು ದಾರದ್ದು ನನ್ನ ತಂಬಾಕು ಅಂತ, ನಿಮ್ಮಮ್ಮ ಆ ಜೋಡಿ ಎಳೆಯನ್ನು ಸೂಜಿಯಲ್ಲಿ ಎತ್ತಿದಾಗಲೇ ಗೊತ್ತಾಯಿತು. ನಮ್ಮ ಯಂತ್ರದ ಅಲಗು ನೀನು ಹೋದ ಮೇಲೆ ಮುಕ್ಕಾಗಿದೆ. ನಾನು ವ್ಯಾಪಾರಿಯನ್ನು ಬದಲಾಯಿಸಿದೆ, ಜಾಡಿ ಬದಲಾಯಿಸಿದೆ, ಮೇಷ್ಟರ ನಾಲಿಗೆಯನ್ನು ಬೈದೆ. ಅಲಗು ಬರೀ ಮೊಂಡಾಗಿದೆ ಅಂದುಕೊಂಡು ಬೀದಿಯ ಸಾಣೆಯವನಿಗೆ ಕೊಟ್ಟಿದ್ದೆ. ಅವನು ಅಡುಗೆಮನೆಯ ಚಾಕುವಿನ ಹಾಗೆ ಉಜ್ಜಿ ಇನ್ನಷ್ಟು ಕೆಡಿಸಿದ. ನಾನೇ ಒಂದು ಸಲ ಕಲ್ಲಿನ ಮೇಲೆ ಹಿಡಿದು ನೋಡಿದೆ, ಎಡಗೈ ಹೆಬ್ಬೆರಳು ಇನ್ನೂ ನೆಟ್ಟಗಾಗಿಲ್ಲ. ಮೇಷ್ಟರು ಈಗ ನಿನ್ನ ಅಂಗಡಿಯ ಹಿಂಬಾಗಿಲಿಗೆ ಬರುತ್ತಾರೆ ಅಂತಲೂ ಗೊತ್ತು. ನನಗೆ ನೋವಾಗಬಾರದು ಅಂತ ನೀನು ಅವರ ಹೆಸರು ಬರೆದಿಲ್ಲ ಅಂತಲೂ ಗೊತ್ತು.

ಗೊತ್ತಿದ್ದೂ ತೀರ್ಪನ್ನು ಯಾಕೆ ಹೀಗೆ ಬರೆದೆ ಅಂತ ಕೇಳಬೇಡ. ಕೇಳಿದರೆ ಹೇಳುವುದಿಲ್ಲ. ಮಸಿಯಲ್ಲಿ ಬರೆದದ್ದನ್ನು ಹೊಡೆದು ಹಾಕುವ ಹಾಗಿಲ್ಲ, ಆದ್ದರಿಂದ ಪಂಥದಲ್ಲಿ ಸೋತಿದ್ದೇನೆ. ಆದರೆ ನಿನ್ನ ತಂಬಾಕಿಗೆ ನನ್ನ ಮೂಗು ಮೋಸಹೋಯಿತು ಅಂತ ಊರೆಲ್ಲ ಹೇಳಿಕೊಂಡು ತಿರುಗಿದರೆ ಚೆನ್ನಾಗಿರುವುದಿಲ್ಲ. ಅದೊಂದಕ್ಕಾಗಿ ಈ ನಾಲ್ಕು ಸಾಲು ಬರೆದೆ, ಇಲ್ಲದಿದ್ದರೆ ಸುಮ್ಮನಿರುತ್ತಿದ್ದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನೀನು ನಗುತ್ತೀ. ನಗು. ನನಗೆ ಮೀಸೆಯೇ ಇಲ್ಲ.

ವಕೀಲರ ಕಾಗದ ಹರಿದು ಹಾಕು. ಸೋಮವಾರ ಬೆಳಿಗ್ಗೆ ಬಾ, ಪಕ್ಕದ ಬಾಗಿಲು ತೆಗೆದಿರುತ್ತದೆ. ಪೈಪು ತಾ, ಒಳಗಡೆ ಒರೆಸಬೇಡ, ನನಗೂ ಒಂದು ಸಲ ಖಾಲಿ ಎಳೆಯಬೇಕು. ಬಿಳಿ ದಾರದ್ದು ಇನ್ನೊಂದು ಡಬ್ಬಿ ತಾ, ಇದು ನಾಳೆಗೆ ಮುಗಿಯುತ್ತದೆ. ಆ ಮೂವರನ್ನು ಕರೆತರಬೇಡ. ಕಲ್ಲನ್ನು ಭಾನುವಾರ ರಾತ್ರಿಯೇ ದೊಡ್ಡ ಬೋಗುಣಿಯಲ್ಲಿ ನೆನೆಹಾಕಿರುತ್ತೇನೆ.